ಗಾಳಿಯ ದಿನ ಎಳೆದ ಶಟರ್

ಮೊಳಕಾಲ್ಮೂರು ಪೊಲೀಸ್ ಠಾಣೆಯಲ್ಲಿ ದಿನಾಂಕ 13-07-2024ರಂದು ಬರೆದುಕೊಂಡ ಹೇಳಿಕೆ

ಹೆಸರು: ಲೋಹಿತ ಬಿನ್ ಕ್ಯಾತಪ್ಪ. ವಯಸ್ಸು: 34 ವರ್ಷ. ಕಸುಬು: ಕಾರು ಮೆಕ್ಯಾನಿಕ್. ವಾಸ: ಕೊಂಡ್ಲಹಳ್ಳಿ ಗ್ರಾಮ, ಮೊಳಕಾಲ್ಮೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ.

ನನ್ನ ಜೊತೆಗಾರ ಮಲ್ಲಿಕ್ ಬಿನ್ ಲೇಟ್ ನಬೀ ಸಾಬ್, 36 ವರ್ಷ, ಇವನ ಸಾವಿನ ಬಗ್ಗೆ ಠಾಣೆಗೆ ಕರೆಸಿ ಕೇಳಿದ್ದರಿಂದ, ನಾನು ಕಂಡದ್ದನ್ನು ಕಂಡಂತೆ, ಬೇರೆಯವರಿಂದ ಕೇಳಿದ್ದನ್ನು ಯಾರಿಂದ ಕೇಳಿದೆನೆಂದು ಹೇಳಿ, ಈ ಮೂಲಕ ತಿಳಿಸುವುದೇನೆಂದರೆ:

ಮೊಳಕಾಲ್ಮೂರು ಟೌನಿನ ರಾಯದುರ್ಗ ರಸ್ತೆಯಲ್ಲಿ ಮಲ್ಲಿಕ್‌ನ ಮನೆಗೆ ಅಂಟಿಕೊಂಡಂತೆ ನಮ್ಮ ಗ್ಯಾರೇಜು ಇರುತ್ತದೆ. ಅದು ಮಲ್ಲಿಕ್‌ನ ತಂದೆ ನಬೀ ಸಾಬ್ ಕಟ್ಟಿಸಿದ್ದು. ನಮ್ಮ ಮನೆಯವರು ಕುರಿ ಕಾಯುವವರು. ನಾನು ಹೈಸ್ಕೂಲು ಬಿಟ್ಟ ಮೇಲೆ ನಬೀ ಸಾಬ್ ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡರು. ಅಂದಿನಿಂದ ನಾನೂ ಮಲ್ಲಿಕ್ಕೂ ಒಟ್ಟಿಗೆ ಕೆಲಸ ಮಾಡುತ್ತಿದ್ದೆವು. ಮಧ್ಯಾಹ್ನದ ಊಟ ನನಗೆ ಅವರ ಮನೆಯಲ್ಲಿಯೇ. ಮಲ್ಲಿಕ್‌ನ ತಾಯಿ ಸಕೀನಾ ಬೀ ಅವರನ್ನು ಅವನು ಅಮ್ಮಿ ಎನ್ನುತ್ತಿದ್ದ, ನಾನೂ ಅಮ್ಮಿ ಎನ್ನುತ್ತೇನೆ. ನಮ್ಮಿಬ್ಬರ ನಡುವೆ ಯಾವ ವೈಷಮ್ಯವೂ ಇರಲಿಲ್ಲ.

ಗ್ಯಾರೇಜಿಗೆ ರಸ್ತೆಯ ಕಡೆ ಒಂದು ಶಟರ್ ಇದೆ. ಬೇರೆ ಬಾಗಿಲಿಲ್ಲ. ಹಿಂದಿನ ಗೋಡೆಯಲ್ಲಿ ಹೊಗೆ ಹೊರಗೆ ಎಳೆಯುವ ದೊಡ್ಡ ಫ್ಯಾನ್ ಇದೆ. ಅದರ ಪಕ್ಕದಲ್ಲಿ ಗೋಡೆಗೆ ತೂತು ಹೊಡೆದು, ಒಳಗೆ ಇಂಜಿನ್ ಓಡಿಸುವಾಗ ಸೈಲೆನ್ಸರಿನ ಬಾಯಿಗೆ ರಬ್ಬರ್ ಪೈಪ್ ಸಿಕ್ಕಿಸಿ ಆ ತೂತಿನಿಂದ ಹೊರಗೆ ಬಿಡುತ್ತೇವೆ. ಪೈಪ್ ಹಾಕದೆ ಮಲ್ಲಿಕ್ ಎಂದೂ ಒಳಗೆ ಇಂಜಿನ್ ಸ್ಟಾರ್ಟ್ ಮಾಡಿದವನಲ್ಲ. ಅವನು ಸತ್ತ ದಿನವೂ ಪೈಪ್ ಹಾಕಿದ್ದ. ಅದನ್ನು ಪಂಚನಾಮೆ ಮಾಡಿದವರು ನೋಡಿರುತ್ತಾರೆ.

ಬಿ.ಜಿ. ಕೆರೆಯ ಚಂದ್ರಣ್ಣ ಎಂಬುವರು ತಮ್ಮ ಹಳೆಯ ಪೆಟ್ರೋಲ್ ಕಾರನ್ನು ದಿನಾಂಕ 08-07-2024ರ ಸೋಮವಾರ ನಮ್ಮಲ್ಲಿಗೆ ತಂದು ಬಿಟ್ಟರು. ನಿಂತಲ್ಲಿ ಇಂಜಿನ್ ನಡುಗಿ ಆರಿಹೋಗುತ್ತದೆ, ಏರಿನಲ್ಲಿ ಎಳೆಯುವುದಿಲ್ಲ ಎಂದು ತಿಳಿಸಿದರು. ಅವಸರವೇನೂ ಇಲ್ಲ, ಆದಾಗ ಕೊಡಿ ಎಂದು ಹೇಳಿ ಬಸ್ಸಿನಲ್ಲಿ ಊರಿಗೆ ಹೋದರು. ಅವಸರ ಮಾಡಿದರೆಂದು ಚಂದ್ರಣ್ಣನವರ ಮೇಲೆ ಕೆಲವರು ಮಾತಾಡುತ್ತಿರುವುದರಿಂದ ಇದನ್ನು ಹೇಳುತ್ತಿದ್ದೇನೆ. ಅವರು ಒತ್ತಾಯ ಮಾಡಲಿಲ್ಲ. ಆಮೇಲೆ ಫೋನೂ ಮಾಡಲಿಲ್ಲ.

ನಾವು ನೋಡಿದಾಗ ಇಜಿಆರ್ ವಾಲ್ವ್ ಕೆಟ್ಟಿರಬಹುದೆಂದು ಅನ್ನಿಸಿತು. ಇಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಇಂಜಿನ್ನಿನ ಒಳಕ್ಕೇ ಬಿಡುವ ವಾಲ್ವ್ ಅದು. ಗಾಡಿ ಓಡುವಾಗ ತೆರೆಯಬೇಕು, ನಿಂತಾಗ ಮುಚ್ಚಬೇಕು. ಬಿಚ್ಚಿ ನೋಡಿದರೆ ಒಳಗೆಲ್ಲ ಮಸಿ ಗಟ್ಟಿಯಾಗಿ, ಅರ್ಧ ತೆರೆದುಕೊಂಡೇ ಕಚ್ಚಿಕೊಂಡಿತ್ತು. ಬಿಚ್ಚುವಾಗ ವಾಲ್ವಿಗೂ ಇಂಜಿನ್ನಿಗೂ ನಡುವಿನ ಪ್ಯಾಕಿಂಗ್ ಒಂದು ಮೂಲೆಯಲ್ಲಿ ಇಂಜಿನ್ನಿಗೆ ಅಂಟಿಕೊಂಡು ಪುಡಿಯಾಯಿತು. ಆ ಜಾಗದಲ್ಲಿ ಪ್ಯಾಕಿಂಗ್ ಸರಿಯಿಲ್ಲದಿದ್ದರೆ ಹೊಗೆ ಸೈಲೆನ್ಸರಿಗೆ ಹೋಗುವ ಮೊದಲೇ ಬಾನೆಟ್ಟಿನ ಒಳಗೆ ಸೋರುತ್ತದೆ. ವಾಲ್ವನ್ನು ಮಸಿ ಬಿಡಿಸುವ ಎಣ್ಣೆಯಲ್ಲಿ ನೆನೆಹಾಕಿ ಸಂಜೆ ಮನೆಗೆ ಹೋದೆನು.

ದಿನಾಂಕ 09-07-2024ರ ಮಂಗಳವಾರ ಬೆಳಿಗ್ಗೆ ಮಲ್ಲಿಕ್ ವಾಲ್ವನ್ನು ಉಜ್ಜಿ ತೊಳೆದಿದ್ದ. ಇಬ್ಬರೂ ಸೇರಿ ಕೈಪಂಪಿನಿಂದ ಗಾಳಿ ಎಳೆದು ಪರೀಕ್ಷೆ ಮಾಡಿದೆವು. ಎಳೆದಾಗ ತೆರೆಯಿತು, ಬಿಟ್ಟಾಗ ಮುಚ್ಚಿತು. ಆದರೆ ಮಗುಚಿ ಪೆಟ್ರೋಲ್ ಹೊಯ್ದು ನೋಡಿದಾಗ ಒಂದೆರಡು ಹನಿ ಕೆಳಗೆ ಇಳಿದವು, ಅಂದರೆ ವಾಲ್ವ್ ಪೂರ್ತಿ ಬಿಗಿಯಾಗಿ ಮುಚ್ಚುತ್ತಿರಲಿಲ್ಲ. ಹೊಸ ವಾಲ್ವೇ ಹಾಕೋಣವೆಂದು ನಾನು ಹೇಳಿದೆನು. ಅಷ್ಟಕ್ಕೆಲ್ಲ ಹೊಸದು ಯಾಕೆ, ಇಂಜಿನ್ ಬಿಸಿಗೆ ಕೂತುಕೊಳ್ಳುತ್ತೆ ಎಂದು ಮಲ್ಲಿಕ್ ಹೇಳಿದ. ಹೇಗೂ ಹೊಸ ಪ್ಯಾಕಿಂಗ್ ತರಬೇಕಿತ್ತು. ಅದು ಮೊಳಕಾಲ್ಮೂರಿನಲ್ಲಿ ಸಿಗದ ಕಾರಣ ನಾನು ಬೈಕಿನಲ್ಲಿ ಚಳ್ಳಕೆರೆಗೆ ಹೊರಟೆನು. ಮಲ್ಲಿಕ್‌ನ ಹೆಂಡತಿ ತಬಸ್ಸುಮ್ ತನ್ನ ತಂಗಿಯ ನಿಶ್ಚಿತಾರ್ಥಕ್ಕೆಂದು ಮಗಳನ್ನು ಕರೆದುಕೊಂಡು ಚಳ್ಳಕೆರೆಯ ತವರಿಗೆ ಹೋಗಿದ್ದರು. ಅವರಿಗೆ ಕೊಡಲು ಅಮ್ಮಿ ಒಂದು ಚೀಲದಲ್ಲಿ ಮಗುವಿನ ಬಟ್ಟೆ ಕಟ್ಟಿಕೊಟ್ಟರು. ಮಲ್ಲಿಕ್ ಹಿಂದಿನಿಂದ ಕೂಗಿ, ಗಾಳಿ ಜೋರೈತೆ, ಹೆಲ್ಮೆಟ್ಟಿನ ಗ್ಲಾಸು ಇಳಿಸಿಕೊಂಡು ಹೋಗು ಎಂದು ಹೇಳಿದ.

ಆ ದಿನ ಗಾಳಿ ಬಹಳ ಇತ್ತು. ತಳುಕಿನ ಹತ್ತಿರ ಬೈಕ್ ಪಕ್ಕಕ್ಕೆ ತಳ್ಳುವಷ್ಟು ಬೀಸುತ್ತಿತ್ತು. ಚಳ್ಳಕೆರೆ ತಲುಪಿ ಮೊದಲು ತಬಸ್ಸುಮ್ ಅವರ ತವರಿಗೆ ಹೋಗಿ ಚೀಲ ಕೊಟ್ಟೆನು. ಅಲ್ಲಿಂದ ಬಿಡಿಭಾಗಗಳ ಅಂಗಡಿಗೆ ಹೋದೆನು. ಪ್ಯಾಕಿಂಗ್ ಸಿಕ್ಕಿತು. ಅದೇ ಕಾರಿನ ಹೊಸ ವಾಲ್ವೂ ಒಂದೇ ಒಂದು ಇದೆ, ಬೇಕಾದರೆ ಈಗಲೇ ತೆಗೆದುಕೊಳ್ಳಿ, ಸಂಜೆ ಬೇರೆಯವರು ಕೇಳಿದ್ದಾರೆ ಎಂದು ಅಂಗಡಿಯವರು ಹೇಳಿದರು. ನಾನು ಸುಮಾರು ಹನ್ನೆರಡೂವರೆ ಗಂಟೆಗೆ ಮಲ್ಲಿಕ್‌ಗೆ ಫೋನ್ ಮಾಡಿದೆನು. ನಮ್ಮ ನಡುವೆ ನಡೆದ ಮಾತು ಇಷ್ಟೇ.

ನಾನು: "ಲೇ, ವಾಲ್ವೂ ಐತೆ ಇಲ್ಲಿ. ತರ್ಲಾ, ಬ್ಯಾಡವಾ?"

ಮಲ್ಲಿಕ್: "ತಾಳಲೇ. ಹಳೇ ಪ್ಯಾಕಿಂಗೇ ಹಾಕಿ ಕೂರಿಸಿ ಒಂದ್ಸಲ ಸ್ಟಾರ್ಟ್ ಮಾಡಿ ನೋಡ್ತೀನಿ. ವಾಲ್ವ್ ಮುಚ್ಕಂತೈತಾ ಇಲ್ವಾ ಗೊತ್ತಾಗ್ಲಿ. ಅಲ್ಲೇ ಇರು, ನಾನೇ ಮಾಡ್ತೀನಿ ಫೋನು."

ನಾನು ಆಗಲಿ ಎಂದೆನು. ಆ ಪ್ಯಾಕಿಂಗ್ ಒಂದು ಮೂಲೆಯಲ್ಲಿ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಎರಡು ನಿಮಿಷ ಓಡಿಸಿ ನೋಡುವುದಕ್ಕೆ ಏನಾಗುತ್ತದೆ ಎಂದು ಇಬ್ಬರೂ ಅಂದುಕೊಂಡೆವು. ನಾನು ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಅವನ ಫೋನಿಗಾಗಿ ಕಾಯುತ್ತ ಕುಳಿತೆನು.

ಇದರ ನಂತರ ಗ್ಯಾರೇಜಿನಲ್ಲಿ ನಡೆದದ್ದನ್ನು ನಾನು ನೋಡಿಲ್ಲ. ಅಮ್ಮಿಯಿಂದಲೂ, ಗ್ಯಾರೇಜಿನ ಎದುರು ಟೀ ಅಂಗಡಿ ಇಟ್ಟಿರುವ ಕಾಮಣ್ಣನವರಿಂದಲೂ ಕೇಳಿ ತಿಳಿದದ್ದನ್ನು ಹೇಳುತ್ತೇನೆ.

ಮಲ್ಲಿಕ್ ವಾಲ್ವ್ ಕೂರಿಸಿ ಇಂಜಿನ್ ಸ್ಟಾರ್ಟ್ ಮಾಡಿದ. ಫ್ಯಾನ್ ಓಡುತ್ತಿತ್ತು. ಗಾಳಿಗೆ ರಸ್ತೆಯ ದೂಳು ಒಳಗೆ ನುಗ್ಗುತ್ತಿತ್ತು. ಏರ್ ಫಿಲ್ಟರಿನ ಡಬ್ಬಿ ಬಿಚ್ಚಿಟ್ಟಿದ್ದರಿಂದ ಇಂಜಿನ್ ಉಸಿರೆಳೆಯುವ ಬಾಯಿ ತೆರೆದಿತ್ತು. ಅದರೊಳಗೆ ಮಣ್ಣು ಹೋದರೆ ಇಂಜಿನ್ ಹಾಳು. ಅದೇ ಹೊತ್ತಿಗೆ ಅಮ್ಮಿ ಕಾಮಣ್ಣನವರ ಅಂಗಡಿಯಿಂದ ಹಾಲು ತೆಗೆದುಕೊಂಡು ಮನೆಗೆ ಬರುತ್ತಿದ್ದರು. ಮಲ್ಲಿಕ್ ಬಾನೆಟ್ಟಿನೊಳಗೆ ಬಗ್ಗಿದ್ದವನು ತಲೆ ಎತ್ತಿ, "ಅಮ್ಮಿ, ಶಟರ್ ಪೂರ್ತಿ ಎಳ್ದುಬಿಡು, ದೂಳು ಬರ್ತೈತೆ. ಒಳಗೆ ಫ್ಯಾನ್ ಐತೆ" ಎಂದು ಕೂಗಿದ. ಕಾಮಣ್ಣನವರೂ ಈ ಮಾತನ್ನು ಕೇಳಿಸಿಕೊಂಡಿದ್ದಾರೆ. ಅಮ್ಮಿ ಹಾಲಿನ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು, ಎರಡೂ ಕೈಯಿಂದ ಶಟರ್ ಹಿಡಿದು ನೆಲಕ್ಕೆ ಮುಟ್ಟುವವರೆಗೆ ಎಳೆದರು. ಬೀಗ ಹಾಕಲಿಲ್ಲ. ಚಿಲಕವನ್ನೂ ಹಾಕಲಿಲ್ಲ. ನಂತರ ಪಾತ್ರೆ ತೆಗೆದುಕೊಂಡು ಮನೆಯೊಳಗೆ ಹೋದರು.

ಅಮ್ಮಿ ಮಿಕ್ಸಿಯಲ್ಲಿ ಮಸಾಲೆ ರುಬ್ಬುತ್ತಿದ್ದಾಗ ಕರೆಂಟ್ ಹೋಯಿತು. ಗಾಳಿಗೆ ಎಲ್ಲೋ ತಂತಿ ತಾಗಿರಬಹುದು, ಆ ದಿನ ಟೌನಿನಲ್ಲೆಲ್ಲ ಹೋಗಿತ್ತು. ಮಿಕ್ಸಿ ನಿಂತದ್ದು ಅವರಿಗೆ ಗೊತ್ತಾಯಿತು. ಪಕ್ಕದಲ್ಲಿ ಫ್ಯಾನ್ ನಿಂತದ್ದು ಗೊತ್ತಾಗಲಿಲ್ಲ. ಗೋಡೆಯ ಆಚೆ ಇಂಜಿನ್ ಓಡುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಈಗ ಬರುತ್ತದೆ ಆಗ ಬರುತ್ತದೆ ಎಂದು ಅವರು ಮಿಕ್ಸಿಯ ಮುಂದೆ ಕುಳಿತು ಕರೆಂಟಿಗಾಗಿ ಕಾದರು. ಅಮ್ಮಿ ನನಗೆ ಹೇಳಿದ ಮಾತು: "ಇಂಜಿನ್ ಓಡ್ತಾ ಇತ್ತು ಬೇಟಾ. ಅದಕ್ಕೇ ಕೆಲ್ಸ ಮಾಡ್ತಾವ್ನೆ ಅನ್ಕಂಡೆ. ಅದು ನಿಂತಿದ್ರೆ ಎದ್ದು ಹೋಗಿ ನೋಡ್ತಿದ್ನಲ್ಲ."

ಅತ್ತ ಚಳ್ಳಕೆರೆಯಲ್ಲಿ ನಾನು ಒಂದು ಗಂಟೆಯ ಹೊತ್ತಿಗೆ ಅವನಿಗೆ ಫೋನ್ ಮಾಡಿದೆನು. ರಿಂಗ್ ಆಯಿತು, ಎತ್ತಲಿಲ್ಲ. ಕೈಯೆಲ್ಲ ಗ್ರೀಸ್ ಆಗಿರಬೇಕೆಂದುಕೊಂಡೆನು. ಅಂಗಡಿಯವರು ಊಟಕ್ಕೆ ಹೊರಟು, ಬೇಕೋ ಬೇಡವೋ ಬೇಗ ಹೇಳಪ್ಪ ಎಂದರು. ಮತ್ತೆ ಮಾಡಿದೆನು, ಎತ್ತಲಿಲ್ಲ. ಆಗ ನನಗೆ ಸಿಟ್ಟು ಬಂತು. ಊಟಕ್ಕೆ ಕೂತಿದ್ದಾನೆ, ನನ್ನನ್ನು ಮರೆತಿದ್ದಾನೆ ಎಂದುಕೊಂಡೆನು. ಅಮ್ಮಿಗೆ ಫೋನ್ ಮಾಡಿ, ಅವನಿಗೆ ಫೋನ್ ಎತ್ತಲು ಹೇಳಿ ಎಂದು ಕೇಳಿಕೊಂಡೆನು. ಕರೆಂಟಿಲ್ಲದ ವಿಷಯ ಅಮ್ಮಿ ಆಗ ನನಗೆ ಹೇಳಿದರು. ಮಸಾಲೆ ಇನ್ನೂ ರುಬ್ಬಿಲ್ಲ, ಊಟ ತಡ ಎಂಬ ಮಾತಿಗೆ ಹೇಳಿದರು. ಶಟರ್ ಮುಚ್ಚಿದೆಯಾ ಎಂದು ಕೇಳಬೇಕೆಂದು ನನಗೆ ತೋಚಲಿಲ್ಲ.

ಅಮ್ಮಿ ಹೋಗಿ ಶಟರನ್ನು ಮೊಣಕಾಲಿನವರೆಗೆ ಎತ್ತಿದರು. ಅವರ ಕೈಯಲ್ಲಿ ಅದಕ್ಕಿಂತ ಮೇಲೆ ಎತ್ತಲಾಗಲಿಲ್ಲ. ಬಗ್ಗಿ ನೋಡಿದಾಗ ಮಲ್ಲಿಕ್ ಕಾರಿಗೂ ಶಟರಿಗೂ ನಡುವೆ ಬೋರಲಾಗಿ ಬಿದ್ದಿದ್ದ. ಅಮ್ಮಿ ತೆವಳಿಕೊಂಡು ಒಳಗೆ ಹೋಗಿ ಅವನ ತೋಳು ಹಿಡಿದು ಎಳೆಯತೊಡಗಿದರು. ಶಟರಿನ ಕೆಳಗೆ ಅಮ್ಮಿಯ ಕಾಲು ಮಾತ್ರ ಅಲುಗಾಡದೆ ಕಾಣುತ್ತಿದ್ದುದನ್ನು ನೋಡಿ ಕಾಮಣ್ಣನವರು ಓಡಿ ಬಂದು ಶಟರ್ ಪೂರ್ತಿ ಎತ್ತಿ, ಚಾವಿ ತಿರುಗಿಸಿ ಇಂಜಿನ್ ನಿಲ್ಲಿಸಿ, ಇಬ್ಬರನ್ನೂ ರಸ್ತೆಗೆ ಎಳೆದು ಹಾಕಿದರು. ಅಮ್ಮಿ ಗಾಳಿಗೆ ಕಣ್ಣು ಬಿಟ್ಟರು. ಮಲ್ಲಿಕ್ ಬಿಡಲಿಲ್ಲ.

ಕಾಮಣ್ಣನವರು ನನಗೆ ಫೋನ್ ಮಾಡಿದರು. ಗಾಬರಿಯಾದರೆ ಅವರ ಬಾಯಿಗೆ ತೆಲುಗೇ ಬರುತ್ತದೆ. "ಲೋಹಿತಾ, ತ್ವರಗಾ ರಾರಾ, ಬೇಗ ಬಾ. ಮಲ್ಲಿಕ್ ಬಿದ್ದವ್ನೆ, ಆಸ್ಪತ್ರೆಗೆ ಒಯ್ತಾ ಇದೀವಿ" ಎಂದರು. ನಾನು ಬೈಕನ್ನು ಅಂಗಡಿಯ ಮುಂದೆಯೇ ಬಿಟ್ಟು ತಬಸ್ಸುಮ್ ಅವರ ತವರಿಗೆ ಹೋದೆನು. ಅವರ ಅಣ್ಣ ಶಕೀಲ್ ಟೈರ್ ವ್ಯಾಪಾರ ಮಾಡುತ್ತಾರೆ, ಅವರ ಬಳಿ ಕಾರಿದೆ. ಮಲ್ಲಿಕ್‌ಗೆ ಪ್ರಜ್ಞೆ ತಪ್ಪಿದೆಯಂತೆ, ಹೋಗೋಣ ಎಂದೆನು. ಶಕೀಲ್ ಕಾರು ಓಡಿಸಿದರು. ನಾನು ಮುಂದೆ, ತಬಸ್ಸುಮ್ ಮತ್ತು ಮಗು ಹಿಂದೆ ಕುಳಿತೆವು.

ತಳುಕು ದಾಟಿದ ಮೇಲೆ ಕಾಮಣ್ಣನವರಿಂದ ಎರಡನೆಯ ಫೋನ್ ಬಂತು. ಮುಗೀತಪ್ಪ, ಡಾಕ್ಟರು ನೋಡಿ ಹೇಳಿಬಿಟ್ಟರು ಎಂದು ಹೇಳಿದರು. ನಾನು ಹೂಂ ಎಂದು ಫೋನನ್ನು ಜೇಬಿಗೆ ಹಾಕಿದೆನು.

ತಬಸ್ಸುಮ್ ಹಿಂದಿನಿಂದ, "ಏನಂತೆ ಲೋಹಿತಣ್ಣ?" ಎಂದು ಕೇಳಿದರು.

"ಆಸ್ಪತ್ರೆಯಾಗವ್ನಂತೆ ಭಾಬಿ. ನೋಡ್ತಾವ್ರಂತೆ."

"ಮಾತಾಡ್ತಾವ್ರಂತಾ?"

"ಗೊತ್ತಿಲ್ಲ. ಅಲ್ಲೀಗ್ ಹೋದ್ರೆ ಗೊತ್ತಾಗ್ತೈತೆ."

ಅವರು ಇದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಲೇ ಇದ್ದರು, ನಾನು ಇದನ್ನೇ ಹೇಳುತ್ತ ಇದ್ದೆನು. ಬಿ.ಜಿ. ಕೆರೆ ಬಂದಾಗ ಕೇಳುವುದನ್ನು ನಿಲ್ಲಿಸಿದರು. ಮಗು ಮಾತ್ರ ಅಬ್ಬಾಗೆ ಏನು ಒಯ್ಯುತ್ತಿದ್ದೀವಿ ಎಂದು ಕೇಳಿತು. ನನ್ನ ಜೇಬಿನಲ್ಲಿ ಪ್ಯಾಕಿಂಗಿನ ಪೊಟ್ಟಣ ಇತ್ತು. ಆಸ್ಪತ್ರೆಯ ಮುಂದೆ ಜನ ನಿಂತಿದ್ದರು. ನಾನು ಇಳಿದು ಹಿಂದಿನ ಬಾಗಿಲು ತೆಗೆದಾಗ ತಬಸ್ಸುಮ್ ಇಳಿಯಲಿಲ್ಲ. ಇಳಿದರೆ ಏನು ಕೇಳಬೇಕಾಗುತ್ತದೆ ಎಂಬುದು ಅವರಿಗೆ ಗೊತ್ತಾಗಿತ್ತು.

ಬುಧವಾರ ಶವಪರೀಕ್ಷೆ ಆಗಿ, ಸಂಜೆ ನಮಾಜಿನ ಹೊತ್ತಿಗೆ ಮಣ್ಣು ಮಾಡಿದರು. ಇಂಜಿನ್ನಿನ ವಿಷಗಾಳಿ ಸೇರಿ ಸಾವಾಗಿರುವಂತೆ ಕಾಣುತ್ತದೆ, ರಕ್ತದ ಪರೀಕ್ಷೆಯ ವರದಿ ಬರಬೇಕು ಎಂದು ಡಾಕ್ಟರು ತಿಳಿಸಿದರು. ಆ ಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ತಲೆ ಭಾರವಾಯಿತು ಎನ್ನುವಷ್ಟರಲ್ಲಿ ಕೈಕಾಲು ಸೋತುಹೋಗುತ್ತವೆ ಎಂದು ಹೇಳಿದರು.

ಅದೇ ದಿನ ಶಕೀಲ್ ಅವರು ನನ್ನ ಮೇಲೆ ಅನುಮಾನವಿದೆಯೆಂದು ಠಾಣೆಗೆ ಅರ್ಜಿ ಕೊಟ್ಟಿರುತ್ತಾರೆ. ಶಟರ್ ಹೊರಗಿನಿಂದ ಮುಚ್ಚಿತ್ತು, ತಾನು ಚಳ್ಳಕೆರೆಯಲ್ಲಿದ್ದು ಬೇರೆ ಯಾರಿಂದಲೋ ಮುಚ್ಚಿಸಿರಬಹುದು, ದಾರಿಯುದ್ದಕ್ಕೂ ಲೋಹಿತ ನಮಗೆ ಸುಳ್ಳು ಹೇಳಿಕೊಂಡು ಬಂದ, ಇನ್ನೇನು ಮುಚ್ಚಿಟ್ಟಿದ್ದಾನೋ ಎಂಬುದು ಅವರ ಮಾತು. ಸುಳ್ಳು ಹೇಳಿದ್ದು ನಿಜ. ಓಡುವ ಕಾರಿನಲ್ಲಿ, ಮಗುವಿನ ಎದುರು, ಕಾರು ಓಡಿಸುತ್ತಿದ್ದವರ ಪಕ್ಕದಲ್ಲಿ ಕುಳಿತು ಆ ಮಾತನ್ನು ಹೇಳಲು ನನ್ನಿಂದ ಆಗಲಿಲ್ಲ. ಶಟರ್ ಎಳೆದದ್ದು ತಾನೇ ಎಂದು ಅಮ್ಮಿ ಮೊದಲ ದಿನದಿಂದ ಹೇಳುತ್ತಿದ್ದರೂ ಶಕೀಲ್ ನಂಬಲಿಲ್ಲ. ಲೋಹಿತನನ್ನು ಉಳಿಸಲು ಹಾಗೆ ಹೇಳುತ್ತಾರೆ ಎಂದರು.

ಗುರುವಾರ ಪೊಲೀಸರು ಮತ್ತು ಮೋಟಾರು ವಾಹನ ಇನ್ಸ್‌ಪೆಕ್ಟರ ಎದುರಿನಲ್ಲಿ ಕಾರನ್ನು ಬಯಲಿಗೆ ತಳ್ಳಿ ನಿಲ್ಲಿಸಿ, ಅವರು ಹೇಳಿದಂತೆ ನಾನು ಸ್ಟಾರ್ಟ್ ಮಾಡಿದೆನು. ವಾಲ್ವಿನ ಬುಡದಲ್ಲಿ ಪ್ಯಾಕಿಂಗ್ ಇಲ್ಲದ ಮೂಲೆಗೆ ಇನ್ಸ್‌ಪೆಕ್ಟರು ಕಾಗದದ ಚೂರು ಹಿಡಿದಾಗ ಅದು ಪಟಪಟನೆ ಹಾರಿತು. ಅದು ಬಗ್ಗಿ ನಿಂತವನ ಮುಖಕ್ಕೆ ಸರಿಯಾಗಿ ಬರುವ ಜಾಗ. ನಂತರ ಅವರು ಕೈಪಂಪಿನಿಂದ ವಾಲ್ವ್ ತೆರೆಸಿದಾಗ ಇಂಜಿನ್ ನಡುಗಿತು, ಬಿಟ್ಟಾಗ ನಡುಕ ನಿಂತು ಸರಾಗವಾಗಿ ಓಡಿತು. ವಾಲ್ವ್ ಸರಿಯಿದೆ, ಹೊಸದು ಬೇಕಿರಲಿಲ್ಲ ಎಂದು ಇನ್ಸ್‌ಪೆಕ್ಟರು ಹೇಳಿದರು. ಮಲ್ಲಿಕ್ ಹೇಳಿದ್ದೇ ಸರಿಯಾಗಿತ್ತು. ಎರಡು ನಿಮಿಷದಲ್ಲಿ ಅವನಿಗೂ ಅದು ಗೊತ್ತಾಗಿರಬೇಕು. ಆಮೇಲೂ ಅವನು ಇಂಜಿನ್ ಯಾಕೆ ಆರಿಸಲಿಲ್ಲ, ಬಿಸಿಯಾದ ಮೇಲೂ ಮುಚ್ಚಿಕೊಳ್ಳುತ್ತದೆಯೇ ಎಂದು ನೋಡಲು ನಿಂತನೇ ಎಂಬುದು ನನಗೆ ತಿಳಿಯದು. ನಾನು ವಾಲ್ವ್ ತರಲೇ ಎಂದು ಕೇಳದೆ ಹೋಗಿದ್ದರೆ ಅವನು ಹೊಸ ಪ್ಯಾಕಿಂಗ್ ಬರುವವರೆಗೆ ಕಾಯುತ್ತಿದ್ದ. ಇದನ್ನು ಬರೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಶುಕ್ರವಾರ ಮೂರನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿಸಿ ನೆಂಟರೆಲ್ಲ ಮನೆಯ ಮುಂದೆ ನಿಂತಿದ್ದಾಗ ಶಕೀಲ್ ಅವರು ಗಟ್ಟಿಯಾಗಿ, ಎಪ್ಪತ್ತು ವರ್ಷದ ಮುದುಕಿ ಅಷ್ಟು ಭಾರದ ಶಟರ್ ಎಳೆಯುವುದುಂಟಾ ಎಂದು ನನ್ನನ್ನು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಅಮ್ಮಿ ಮನೆಯಿಂದ ಹೊರಗೆ ಬಂದರು. ಯಾರ ಮುಖವನ್ನೂ ನೋಡದೆ ಗ್ಯಾರೇಜಿನ ಮುಂದೆ ಹೋಗಿ ನಿಂತು, ಎರಡೂ ಕೈ ಮೇಲೆತ್ತಿ ಶಟರ್ ಹಿಡಿದು, ಮೈಭಾರವೆಲ್ಲ ಬಿಟ್ಟು ನೆಲದವರೆಗೆ ಎಳೆದರು. "ಹಿಂಗ್ ಎಳ್ದೆ ನೋಡು ಶಕೀಲ್" ಎಂದರು. ಮತ್ತೆ ಬಗ್ಗಿ, ಎತ್ತಲಾರದೆ ಎತ್ತಿ, ಇನ್ನೊಮ್ಮೆ ಎಳೆದು, "ಹಿಂಗೆ. ಈ ಕೈಯಾಗೆ" ಎಂದರು. ಮುಚ್ಚಿದ ಶಟರಿಗೆ ಕಿವಿ ಹಚ್ಚಿ, "ಒಳಗಿಂದ ಬಡ್ದಿದ್ನೇನೋ. ಇಂಜಿನ್ ಸದ್ದಾಗೆ ನಂಗೆ ಕೇಳ್ಸಿಲ್ಲ" ಎಂದರು. ಮೂರನೆಯ ಸಲ ಎತ್ತಲು ಬಗ್ಗಿದಾಗ, ಗಂಡ ಸತ್ತಿದ್ದರಿಂದ ಹೊರಗೆ ಬರಬಾರದ ತಬಸ್ಸುಮ್ ಎಲ್ಲರ ಎದುರು ಹೊರಗೆ ಬಂದು ಅವರ ಕೈ ಹಿಡಿದುಕೊಂಡರು. ಅಮ್ಮಿಯ ಅಂಗೈ ಕಿತ್ತು ರಕ್ತ ಬಂದಿತ್ತು. ಶಕೀಲ್, "ಬಸ್ ಅಮ್ಮಿ, ಬಸ್, ಸಾಕು" ಎಂದು ಹೇಳಿ ರಸ್ತೆಯ ಅಂಚಿನಲ್ಲಿ ಕುಳಿತುಬಿಟ್ಟರು. ಆಮೇಲೆ ಅವರು ನನಗೆ ಏನನ್ನೂ ಕೇಳಿಲ್ಲ.

ಶಟರನ್ನು ಮಲ್ಲಿಕ್ ಹೇಳಿದ್ದಕ್ಕೆ ಅಮ್ಮಿ ಎಳೆದರು. ಕರೆಂಟ್ ಹೋಗುತ್ತದೆಂದು ಅವರಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಯಾರ ಮೇಲೂ ನನಗೆ ಅನುಮಾನವಿಲ್ಲ. ಯಾರ ಮೇಲೂ ದೂರಿಲ್ಲ.

ಇನ್ನೊಂದು ವಿಷಯ. ಈ ದಿನ ನಾನು ಠಾಣೆಗೆ ಹೊರಟಾಗ ಅಮ್ಮಿ, ನಾನೂ ಬರುತ್ತೇನೆ ಎಂದು ಚಪ್ಪಲಿ ಹಾಕಿಕೊಂಡು ನನ್ನ ಹಿಂದೆ ಬಂದರು. ಬೇಡವೆಂದರೂ ಕೇಳಲಿಲ್ಲ. ಈಗ ಠಾಣೆಯ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾರೆ. ನಾನು ಒಳಗೆ ಬರುವ ಮೊದಲು ನನ್ನ ಅಂಗಿ ಹಿಡಿದು, "ಸಾಹೇಬ್ರಿಗೆ ಹೇಳು ಬೇಟಾ, ನನ್ನ ಒಳಗಾಕ್ಲಿ. ಮನೀಗ್ ಹೋಗಿ ನಾನೇನ್ ಮಾಡ್ಲಿ" ಎಂದರು. ನಾನು, ಇದಕ್ಕೆಲ್ಲ ಕೇಸು ಆಗಲ್ಲ ಅಮ್ಮಿ, ನಿಮ್ಮದು ತಪ್ಪಿಲ್ಲ, ಇದಕ್ಕೆ ಶಿಕ್ಷೆ ಅಂತ ಇಲ್ಲ ಎಂದು ಹೇಳಿದೆನು. ಅವರು, "ಮಗನ್ನ ಸಾಯ್ಸಿದ್ರೂ ಇಲ್ವಾ?" ಎಂದು ಕೇಳಿದರು. ಅವರು ಹೇಳಿ ಕಳಿಸಿದ್ದನ್ನು ಸಾಹೇಬರ ಮುಂದೆ ಹೇಳಿರುತ್ತೇನೆ. ಹೊರಗೆ ಹೋಗಿ ಅವರಿಗೆ ಏನೆಂದು ಹೇಳಬೇಕೆಂಬುದನ್ನು ತಾವೇ ತಿಳಿಸಿಕೊಡಬೇಕು.

ಮೇಲೆ ಬರೆದಿರುವುದೆಲ್ಲ ನಾನು ನನ್ನ ಬಾಯಿಂದ ಹೇಳಿದ್ದು. ಓದಿ ಕೇಳಿಸಿದರು, ಕೇಳಿದೆನು. ಸುಳ್ಳು ಸೇರಿಸಿಲ್ಲ, ಯಾರ ಬಲವಂತವೂ ಇಲ್ಲ. ಸತ್ಯವೆಂದು ಒಪ್ಪಿ ಸಹಿ ಹಾಕಿರುತ್ತೇನೆ.

ಸ್ಥಳ: ಮೊಳಕಾಲ್ಮೂರು
ದಿನಾಂಕ: 13-07-2024

ಸಹಿ
(ಲೋಹಿತ ಬಿನ್ ಕ್ಯಾತಪ್ಪ)